ವಾಚಿನ ಬೆನ್ನ ಮೇಲಿನ ‘30 ಮೀಟರ್’: ನೀರಿನಿಂದ ರಕ್ಷಣೆ ಎಷ್ಟು, ಎಲ್ಲಿಯವರೆಗೆ?

ಹಿನಕಲ್ (ಮೈಸೂರು): ಕೈಗಡಿಯಾರವನ್ನು ಮಗುಚಿ ನೋಡಿದರೆ ಹಿಂಬದಿಯ ಉಕ್ಕಿನ ಮುಚ್ಚಳದ ಮೇಲೆ ಸಣ್ಣ ಅಕ್ಷರಗಳ ಸಾಲೊಂದು ಕಾಣಸಿಗುತ್ತದೆ. ‘ವಾಟರ್ ರೆಸಿಸ್ಟೆಂಟ್’ ಎಂಬ ಪದ, ಅದರ ಪಕ್ಕದಲ್ಲಿ ‘30 ಮೀಟರ್’, ‘3 ಎಟಿಎಂ’ ಅಥವಾ ‘5 ಬಾರ್’ ಎಂಬ ಅಂಕಿ. ಬಹುತೇಕ ಗ್ರಾಹಕರು ಇದನ್ನು ಓದುವುದು ಒಂದೇ ಬಗೆಯಲ್ಲಿ. 30 ಮೀಟರ್ ಆಳದವರೆಗೆ ನೀರಿಗಿಳಿದರೂ ವಾಚಿಗೆ ಏನೂ ಆಗದು ಎಂಬುದು ಅವರ ನಂಬಿಕೆ. ಈ ನಂಬಿಕೆಯೊಂದಿಗೆ ಈಜುಕೊಳಕ್ಕೆ ಇಳಿದವರು ಮರುದಿನ ಗಾಜಿನ ಒಳಗೆ ಮಂಜು ಕಟ್ಟಿದ್ದನ್ನು ಕಂಡು ಅಂಗಡಿಗೆ ಓಡುತ್ತಾರೆ. ನೀರು ಹೊಕ್ಕಿದ್ದಕ್ಕೆ ವಾರಂಟಿ ಅನ್ವಯಿಸುವುದಿಲ್ಲ ಎಂಬ ಉತ್ತರ ಅಲ್ಲಿ ಕಾದಿರುತ್ತದೆ.

ಹಿನಕಲ್‌ನಂಥ ಕಡೆ ಇದು ಬರೀ ಈಜುಗಾರರ ಸಮಸ್ಯೆಯಲ್ಲ. ಹುಣಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಇಲ್ಲಿಂದ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳಿಗೆ ದಿನನಿತ್ಯ ದ್ವಿಚಕ್ರ ವಾಹನಗಳಲ್ಲಿ ಹೋಗಿಬರುವವರು ಅಸಂಖ್ಯ. ಮೇಲ್ಸೇತುವೆ ಇಳಿಯುವಷ್ಟರಲ್ಲಿ ಸುರಿದುಬಿಡುವ ಮಳೆಗೆ ರೈನ್‌ಕೋಟಿನ ತೋಳಿನಿಂದ ಹೊರಚಾಚಿದ ಮಣಿಕಟ್ಟೇ ಮೊದಲು ಒದ್ದೆಯಾಗುತ್ತದೆ. ಮನೆಗೆ ಬಂದರೆ ಪಾತ್ರೆ ತೊಳೆಯುವ ನೀರು, ಗೀಸರಿನ ಬಿಸಿನೀರು, ಸೋಪಿನ ನೊರೆ. ವಾಚು ಎದುರಿಸಬೇಕಾದ ನೀರು ಸಮುದ್ರದ್ದಲ್ಲ, ನಿತ್ಯದ್ದು. ಹೀಗಿರುವಾಗ ಆ ಅಂಕಿಯ ನಿಜಾರ್ಥವನ್ನು ಒಮ್ಮೆ ತಿಳಿದುಕೊಳ್ಳುವುದು ಒಳಿತು.

ಮೀಟರ್ ಎಂದರೆ ಆಳವಲ್ಲ, ಒತ್ತಡ

ನೀರಿನಲ್ಲಿ ಕೆಳಗಿಳಿದಂತೆ ಮೇಲಿನ ನೀರಿನ ಭಾರ ಹೆಚ್ಚುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಸರಿಸುಮಾರು 1 ಬಾರ್‌ನಷ್ಟು ಒತ್ತಡ ಏರುತ್ತದೆ. 1 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ತೂಕ ಹೇರಿದಷ್ಟು. ಎಟಿಎಂ ಎಂಬುದು ಸಮುದ್ರಮಟ್ಟದ ವಾಯುಮಂಡಲದ ಒತ್ತಡದ ಅಳತೆ. ಅದು 1.013 ಬಾರ್‌ಗೆ ಸಮ. (ಬ್ಯಾಂಕಿನ ಎಟಿಎಂಗೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳಬೇಕಾದ ಪ್ರಸಂಗ ಅಂಗಡಿಗಳಲ್ಲಿ ಬರುವುದುಂಟು.) ಆದ್ದರಿಂದ 30 ಮೀಟರ್, 3 ಬಾರ್, 3 ಎಟಿಎಂ ಇವು ಮೂರೂ ವ್ಯವಹಾರದಲ್ಲಿ ಒಂದೇ.

ಈ ಒತ್ತಡ ಎಷ್ಟೆಂಬುದನ್ನು ಕಲ್ಪಿಸಿಕೊಳ್ಳಲು ಪೆಟ್ರೋಲ್ ಬಂಕಿನ ಗಾಳಿ ಪೈಪನ್ನು ನೆನೆದರೆ ಸಾಕು. ಕಾರಿನ ಚಕ್ರಕ್ಕೆ ತುಂಬುವ 32 ಪಿಎಸ್‌ಐ ಗಾಳಿ ಸುಮಾರು 2.2 ಬಾರ್. ಅಂದರೆ 30 ಮೀಟರ್‌ನ ಸಾಧಾರಣ ವಾಚು ಸಹ ಪರೀಕ್ಷೆಯ ವೇಳೆ ಕಾರಿನ ಚಕ್ರದ ಒಳಗಿನ ಒತ್ತಡಕ್ಕಿಂತ ಹೆಚ್ಚಿನದನ್ನು ತಾಳಬೇಕು. ಮೈಸೂರಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಕನ್ನಂಬಾಡಿ ಕಟ್ಟೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಅಂದರೆ ಸುಮಾರು 38 ಮೀಟರ್. ಅಣೆಕಟ್ಟೆ ಭರ್ತಿಯಾದ ದಿನ ಅದರ ಬುಡದಲ್ಲಿ ನೀರಿನ ಒತ್ತಡ ಹತ್ತಿರ ಹತ್ತಿರ 3.7 ಬಾರ್. ಕೈತೊಳೆಯಲಷ್ಟೇ ಯೋಗ್ಯವೆಂದು ಕೈಪಿಡಿಗಳು ಹೇಳುವ 3 ಬಾರ್‌ನ ವಾಚು, ಅಂಕಿಯ ಪ್ರಕಾರ ಕನ್ನಂಬಾಡಿಯ ತಳದ ಒತ್ತಡದ ಐದರಲ್ಲಿ ನಾಲ್ಕು ಪಾಲನ್ನು ತಡೆಯಬಲ್ಲದು! ಹಾಗಾದರೆ ಅದನ್ನು ಕಟ್ಟಿಕೊಂಡು ಐದಡಿ ಆಳದ ಕೊಳಕ್ಕೆ ಇಳಿಯಬೇಡಿ ಎನ್ನುವುದೇಕೆ? ಗೊಂದಲದ ಮೂಲ ಇಲ್ಲಿದೆ.

ಕಾರ್ಖಾನೆಯ ಪರೀಕ್ಷೆ ಹೇಗೆ ನಡೆಯುತ್ತದೆ?

ಸಾಮಾನ್ಯ ಬಳಕೆಯ ವಾಚುಗಳಿಗೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 22810 ಎಂಬ ಮಾನಕವಿದೆ. 2010ರಲ್ಲಿ ಬಂದ ಇದು, ಅದಕ್ಕೂ ಮುನ್ನ ಜಾರಿಯಲ್ಲಿದ್ದ ಐಎಸ್‌ಒ 2281ರ ಸ್ಥಾನವನ್ನು ತುಂಬಿತು. ಇದರ ಪರೀಕ್ಷೆಗಳು ಓದಲು ಸ್ವಾರಸ್ಯಕರ.

ಮೊದಲು ವಾಚನ್ನು 10 ಸೆಂಟಿಮೀಟರ್ ಆಳದ ನೀರಿನಲ್ಲಿ ಒಂದು ತಾಸು ಮುಳುಗಿಸಿಡಲಾಗುತ್ತದೆ. ಬಳಿಕ ಪಕ್ಕದ ತಿರುಪಿನ ಮೇಲೆ, ಅಂದರೆ ಸಮಯ ಹೊಂದಿಸುವ ಕ್ರೌನ್ ಮೇಲೆ, ಅಡ್ಡಲಾಗಿ ಸುಮಾರು ಅರ್ಧ ಕಿಲೋ ಭಾರದಷ್ಟು ಬಲ ಹೇರಿ ಅದೇ ಆಳದಲ್ಲಿ ಹತ್ತು ನಿಮಿಷ ಇಡುತ್ತಾರೆ. ಮೂರನೆಯದು ಉಷ್ಣತೆಯ ಪರೀಕ್ಷೆ. 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಐದು ನಿಮಿಷ, 20 ಡಿಗ್ರಿಯಲ್ಲಿ ಐದು ನಿಮಿಷ, ಮತ್ತೆ 40 ಡಿಗ್ರಿಯಲ್ಲಿ ಐದು ನಿಮಿಷ. ಒಂದರಿಂದ ಇನ್ನೊಂದಕ್ಕೆ ಬದಲಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಸಮಯ ಹಿಡಿಯುವಂತಿಲ್ಲ. ಆಮೇಲೆ ಬರುವುದು ವಾಚಿನ ಬೆನ್ನ ಮೇಲೆ ಬರೆದ ಅಂಕಿಯ ಪರೀಕ್ಷೆ. ನಮೂದಿಸಿದ ಒತ್ತಡವನ್ನು ಒಂದು ನಿಮಿಷದೊಳಗೆ ಏರಿಸಿ, ಹತ್ತು ನಿಮಿಷ ಹಿಡಿದು, ಮತ್ತೆ ಒಂದು ನಿಮಿಷದೊಳಗೆ ಇಳಿಸುತ್ತಾರೆ.

ನೀರು ಒಳಹೊಕ್ಕಿದೆಯೇ ಎಂದು ನೋಡುವ ವಿಧಾನ ಬಹಳ ಸರಳ. ವಾಚನ್ನು 40ರಿಂದ 45 ಡಿಗ್ರಿ ಬಿಸಿಯ ತಟ್ಟೆಯ ಮೇಲಿಟ್ಟು ಕಾಯಿಸಿ, ಗಾಜಿನ ಮೇಲೆ ತಣ್ಣನೆಯ ಒಂದು ಹನಿ ನೀರು ಬಿಡುತ್ತಾರೆ. ಒಂದು ನಿಮಿಷದ ನಂತರ ಆ ಹನಿಯನ್ನು ಒರೆಸಿದಾಗ ಗಾಜಿನ ಒಳಮೈಯಲ್ಲಿ ಮಂಜು ಕಂಡರೆ ವಾಚು ಅನುತ್ತೀರ್ಣ. ಹನಿ ಬಿದ್ದ ಜಾಗ ತಣ್ಣಗಾಗಿ, ಒಳಗೆ ಅಡಗಿದ್ದ ತೇವ ಅಲ್ಲಿಗೇ ಬಂದು ಕೂರುತ್ತದೆ.

ಈಗ ಗಮನಿಸಬೇಕಾದ ಸಂಗತಿಗಳು ಎರಡು. ಒಂದು, ಪರೀಕ್ಷೆಗೆ ಒಳಗಾದದ್ದು ಹೊಚ್ಚಹೊಸ ವಾಚು. ಅದರೊಳಗಿನ ರಬ್ಬರ್ ಉಂಗುರಗಳೂ ಹೊಸವು. ನೀರೂ ಕದಡದ, ಸೋಪಿಲ್ಲದ, ಕ್ಲೋರಿನ್ ಇಲ್ಲದ ನೀರು. ಎರಡು, ತಯಾರಾದ ಪ್ರತಿಯೊಂದು ವಾಚನ್ನೂ ಹೀಗೆ ಪರೀಕ್ಷಿಸಲೇಬೇಕೆಂಬ ನಿಯಮ ಈ ಮಾನಕದಲ್ಲಿಲ್ಲ. ತಂಡದಿಂದ ಆಯ್ದ ಮಾದರಿಗಳನ್ನು ಪರೀಕ್ಷಿಸಿದರೆ ಸಾಕು. ಹಾಗಾಗಿ ‘30 ಮೀಟರ್’ ಎಂಬುದು ಒಂದು ದಿನದ ಹತ್ತು ನಿಮಿಷದ ಪ್ರಯೋಗಾಲಯದ ಫಲಿತಾಂಶವೇ ಹೊರತು ವಾಚಿನ ಆಯುಷ್ಯಪೂರ್ತಿ ಊರ್ಜಿತವಾಗಿರುವ ಪ್ರಮಾಣಪತ್ರವಲ್ಲ.

‘ವಾಟರ್‌ಪ್ರೂಫ್’ ಎಂಬ ಪದವನ್ನು ಇಂದಿನ ವಾಚುಗಳ ಮೇಲೆ ಕಾಣದಿರುವುದಕ್ಕೂ ಇದೇ ಕಾರಣ. ನೀರು ಎಂದೆಂದಿಗೂ, ಯಾವ ಸಂದರ್ಭದಲ್ಲೂ ಹೊಗದು ಎಂಬ ಅರ್ಥ ಅದಕ್ಕಿರುವುದರಿಂದ ಅಮೆರಿಕದ ವ್ಯಾಪಾರ ಆಯೋಗ 1960ರ ದಶಕದಲ್ಲೇ ಆ ಪದದ ಬಳಕೆಗೆ ತಡೆಯೊಡ್ಡಿತ್ತು. ಬಳಿಕ ಅಂತಾರಾಷ್ಟ್ರೀಯ ಮಾನಕವೂ ಅದನ್ನು ಕೈಬಿಟ್ಟು, ನೀರನ್ನು ತಡೆಯಬಲ್ಲದು ಎಂಬಷ್ಟೇ ಅರ್ಥದ ‘ವಾಟರ್ ರೆಸಿಸ್ಟೆಂಟ್’ ಎಂಬುದನ್ನು ಉಳಿಸಿಕೊಂಡಿತು. ಕನ್ನಡದ ಜಾಹೀರಾತುಗಳಲ್ಲಿ ಎರಡಕ್ಕೂ ‘ಜಲನಿರೋಧಕ’ ಎಂದೇ ಬರೆದುಬಿಡುವುದರಿಂದ ಈ ಸೂಕ್ಷ್ಮ ನಮ್ಮ ಗ್ರಾಹಕರಿಗೆ ತಲುಪುವುದೇ ಇಲ್ಲ.

ಕೈಬೀಸುವಿಕೆ ಕುರಿತ ತಪ್ಪು ಕಲ್ಪನೆ

30 ಮೀಟರ್ ವಾಚು ಈಜಿಗೆ ಏಕೆ ಒಗ್ಗದು ಎಂದು ಕೇಳಿದರೆ ಅನೇಕ ಮಾರಾಟಗಾರರು ಕೊಡುವ ವಿವರಣೆಯೊಂದಿದೆ. ಈಜುವಾಗ ಕೈ ರಭಸದಿಂದ ಬೀಸುವುದರಿಂದ ಒತ್ತಡ ಹತ್ತಾರು ಮೀಟರ್ ಆಳದಷ್ಟಾಗುತ್ತದೆ ಎಂಬುದು ಅದು. ಈ ವಿವರಣೆ ಲೆಕ್ಕಕ್ಕೆ ನಿಲ್ಲುವುದಿಲ್ಲ.

ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಚಲನೆಯಿಂದ ಉಂಟಾಗುವ ಒತ್ತಡ, ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಈಜುವವನ ಕೈ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನೀರನ್ನು ಸೀಳಿತೆಂದುಕೊಂಡರೆ ಹೆಚ್ಚುವರಿ ಒತ್ತಡ 4,500 ಪಾಸ್ಕಲ್. ಅಂದರೆ ಅರ್ಧ ಮೀಟರ್‌ಗಿಂತ ಕಡಿಮೆ ಆಳ. ಸೆಕೆಂಡಿಗೆ 10 ಮೀಟರ್ ವೇಗ ಬಂದರೂ ಅದು 5 ಮೀಟರ್ ಆಳಕ್ಕಷ್ಟೇ ಸಮ. ಹಿನಕಲ್ ಸುತ್ತಲಿನ ಹಳ್ಳಿಗಳ ತೆರೆದ ಬಾವಿಗೆ ಐದು ಮೀಟರ್ ಎತ್ತರದಿಂದ ಹಾರಿದ ಹುಡುಗನ ವಾಚಿನ ಮೇಲೂ ಸಾಮಾನ್ಯ ಲೆಕ್ಕದಲ್ಲಿ ಬೀಳುವುದು ಅರ್ಧ ಬಾರ್. ನೀರಿನ ಮೇಲ್ಮೈಗೆ ಚಪ್ಪಟೆಯಾಗಿ ಬಡಿದರೆ ಕ್ಷಣಮಾತ್ರದ ಹೊಡೆತ ಇದಕ್ಕಿಂತ ಬಹಳ ಹೆಚ್ಚಿರುತ್ತದೆ ಎಂಬುದು ನಿಜ. ಆದರೆ ತೇಲುತ್ತ ಈಜುವವನಿಗೆ ಆ ಭಯವಿಲ್ಲ.

ನಿಜವಾದ ಕಾರಣಗಳು ಬೇರೆ. ಈಜುವಾಗ ವಾಚು ಹತ್ತು ನಿಮಿಷವಲ್ಲ, ಒಂದು ತಾಸು ನೀರಿನಲ್ಲಿರುತ್ತದೆ. ಕೈ ಮಡಚಿ ಚಾಚಿದಾಗಲೆಲ್ಲ ಕ್ರೌನ್ ಮೇಲೆ ಅಡ್ಡಬಲ ಬೀಳುತ್ತದೆ. ಕ್ಲೋರಿನ್ ರಬ್ಬರನ್ನು ದಿನೇದಿನೇ ಒಣಗಿಸುತ್ತದೆ. ಬಿಸಿಲಿಗೆ ಕಾದ ವಾಚು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಸೆಳೆಯುತ್ತದೆ. ಇವೆಲ್ಲ ಒಟ್ಟುಗೂಡಿದಾಗ ಅಂಚಿನಲ್ಲಿರುವ ವಾಚು ಸೋಲುತ್ತದೆ. 3 ಬಾರ್ ವಾಚಿನ ಕವಚ ತೆಳ್ಳಗೆ, ಹಿಂಬದಿಯ ಮುಚ್ಚಳ ಸಾಮಾನ್ಯವಾಗಿ ಒತ್ತಿ ಕೂರಿಸುವಂಥದ್ದು, ಉಂಗುರಗಳೂ ಸಣ್ಣವು. ಹೊಸತಿದ್ದಾಗ ಅದು ಪರೀಕ್ಷೆ ದಾಟಿತೆಂದರೆ ಎರಡು ವರ್ಷದ ನಂತರವೂ ದಾಟಲು ಬೇಕಾದ ಮೀಸಲು ಶಕ್ತಿ ಅದರಲ್ಲಿರುವುದಿಲ್ಲ. 10 ಬಾರ್‌ನ ವಾಚಿಗೆ ಆ ಮೀಸಲು ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಆಳಕ್ಕೆ ಇಳಿಯಬಹುದು ಎಂದು ತಿಳಿಯುವುದಕ್ಕಿಂತ, ಹೆಚ್ಚು ಕಾಲ ತಪ್ಪನ್ನು ತಾಳಿಕೊಳ್ಳುತ್ತದೆ ಎಂದು ತಿಳಿಯುವುದೇ ಸರಿ.

ಯಾವ ಅಂಕಿಗೆ ಯಾವ ಬಳಕೆ?

ವಾಚುಗಳೊಂದಿಗೆ ಬರುವ ಕೈಪಿಡಿಯ ಕೋಷ್ಟಕ ಬಹುಮಟ್ಟಿಗೆ ತಯಾರಕರದ್ದೇ ಅನುಭವದ ಫಲ. ಕಂಪೆನಿಯಿಂದ ಕಂಪೆನಿಗೆ ಅದು ತುಸು ಬದಲಾಗುತ್ತದೆ. ಆದರೂ ಒಟ್ಟಾರೆ ಸಹಮತವಿದೆ. 30 ಮೀಟರ್ ಎಂದಿದ್ದರೆ ಮಳೆಹನಿ, ಬೆವರು, ಕೈತೊಳೆಯುವಾಗಿನ ಸಿಡಿತ ಅಷ್ಟೇ. 50 ಮೀಟರ್‌ನಲ್ಲಿ ಕೊಳದ ಈಜಿಗೆ ಸಮ್ಮತಿಯುಂಟು. ಆದರೆ ವಾಚು ಹೊಸತಿರಬೇಕು ಅಥವಾ ಈಚೆಗೆ ಪರೀಕ್ಷಿಸಿರಬೇಕು. ನಿತ್ಯ ಈಜುವವರು, ಮಕ್ಕಳಿಗೆ ಬೇಸಿಗೆ ಶಿಬಿರಕ್ಕೆಂದು ವಾಚು ಕೊಳ್ಳುವವರು 100 ಮೀಟರ್‌ಗಿಂತ ಕಡಿಮೆಯದಕ್ಕೆ ಹೋಗದಿರುವುದು ಲೇಸು. ಕಾರವಾರ, ಮಲ್ಪೆಯ ಕಡಲಲೆಗಳಿಗೂ ಇದೇ ಅಳತೆ.

ಅಂಕಿಯೇ ಇಲ್ಲದೆ ಬರೀ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ಅದನ್ನು 30 ಮೀಟರ್‌ಗಿಂತ ಮೇಲಿನದೆಂದು ಎಣಿಸಬಾರದು. ಏನೂ ಬರೆದಿಲ್ಲದಿದ್ದರೆ ಮಳೆಯೂ ಅಪಾಯವೇ. ಪಾದಚಾರಿ ಮಾರ್ಗದಲ್ಲಿ ಮಾರುವ ನಕಲಿ ವಾಚುಗಳ ಮೇಲೆ ‘200 ಮೀಟರ್’ ಎಂದಿರುವುದೂ ಉಂಟು. ಅಲ್ಲಿ ಆ ಬರಹ ಕೇವಲ ಅಲಂಕಾರ.

ಮುಳುಗುಗಾರರ ವಾಚಿನ ಲೋಕವೇ ಬೇರೆ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ಸಾಗಿ ನೇತ್ರಾಣಿ ದ್ವೀಪದ ಬಳಿ ಆಮ್ಲಜನಕದ ಸಿಲಿಂಡರ್ ಎಂದು ಜನ ಕರೆಯುವ, ವಾಸ್ತವವಾಗಿ ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಹೊತ್ತು ಸ್ಕೂಬಾ ಮುಳುಗುವವರು ನೆಚ್ಚಬೇಕಾದದ್ದು ಐಎಸ್‌ಒ 6425 ಮಾನಕವನ್ನು. 2018ರಲ್ಲಿ ಪರಿಷ್ಕರಣೆಗೊಂಡ ಈ ಮಾನಕದ ಪ್ರಕಾರ ಕನಿಷ್ಠ ಅಂಕಿ 100 ಮೀಟರ್. ಇಲ್ಲಿ ಮಾದರಿ ಪರೀಕ್ಷೆ ಸಲ್ಲದು; ಪ್ರತಿಯೊಂದು ವಾಚನ್ನೂ ನಮೂದಿತ ಒತ್ತಡದ ಶೇ. 125ರಷ್ಟಕ್ಕೆ ಒಳಪಡಿಸಬೇಕು. 200 ಮೀಟರ್ ವಾಚು 25 ಬಾರ್ ತಾಳಬೇಕೆಂದಾಯಿತು. ಜತೆಗೆ ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು, ವಾಚು ನಡೆಯುತ್ತಿದೆ ಎಂಬುದು ಕತ್ತಲಲ್ಲೂ ಗೊತ್ತಾಗಬೇಕು. ಇಂಥ ವಾಚಿನ ಮೇಲೆ ‘ಡೈವರ್ಸ್’ ಎಂಬ ಪದ ಅಂಕಿಯೊಡನೆ ಇರುತ್ತದೆ. ಆ ಪದವಿಲ್ಲದ ‘200 ಮೀಟರ್’ಗೂ ಆ ಪದವಿರುವ ‘200 ಮೀಟರ್’ಗೂ ವ್ಯತ್ಯಾಸವಿದೆ ಎಂಬುದು ಗಮನಾರ್ಹ.

ಆಯ್‌ಸ್ಟರ್‌ನಿಂದ ಎಚ್‌ಎಂಟಿವರೆಗೆ

ನೀರು ತಡೆಯುವ ಕೈಗಡಿಯಾರದ ಕಥೆಗೆ ಒಂದು ಶತಮಾನದ ಇತಿಹಾಸ. 1926ರಲ್ಲಿ ರೋಲೆಕ್ಸ್ ಕಂಪೆನಿ ತಿರುಗಿಸಿ ಬಿಗಿಯುವ ಮುಚ್ಚಳ ಹಾಗೂ ಕ್ರೌನ್ ಇರುವ ‘ಆಯ್‌ಸ್ಟರ್’ ವಾಚನ್ನು ತಂದಿತು. 1927ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಜ್ ಅದನ್ನು ಕೊರಳಿಗೆ ಕಟ್ಟಿಕೊಂಡು ನೀರಿಗಿಳಿದರು. ಕೊರೆಯುವ ಚಳಿಯಿಂದ ಹತ್ತು ತಾಸಿನ ಬಳಿಕ ಈಜನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತಾದರೂ ವಾಚು ನಿಂತಿರಲಿಲ್ಲ. ಕಂಪೆನಿ ಅದನ್ನು ಲಂಡನ್ನಿನ ಪತ್ರಿಕೆಯೊಂದರ ಮುಖಪುಟದಲ್ಲಿ ಪ್ರಕಟಿಸಿ ಜಗತ್ತಿಗೆ ಸಾರಿತು. ಮೈಸೂರಿನ ಅರಮನೆಯ ಬಳಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗೆ ದೊಡ್ಡ ಗಡಿಯಾರ ಎದ್ದುನಿಂತದ್ದೂ ಅದೇ 1927ರಲ್ಲಿ. ಒಂದು ಊರಿಗೆಲ್ಲ ಒಂದು ಗಡಿಯಾರ ಸಾಕೆನಿಸಿದ್ದ ಕಾಲ ಅದು.

ಕರ್ನಾಟಕದ ಮಣಿಕಟ್ಟಿಗೆ ವಾಚು ಬಂದದ್ದು ಜಪಾನಿನ ದಾರಿಯಾಗಿ. ಅಲ್ಲಿನ ಸಿಟಿಜನ್ ಕಂಪೆನಿ 1959ರಲ್ಲಿ ‘ಪ್ಯಾರಾವಾಟರ್’ ಎಂಬ ಹೆಸರಿನ, ಆ ದೇಶದ ಮೊದಲ ನೀರು ತಡೆಯುವ ವಾಚನ್ನು ಹೊರತಂದಿತ್ತು. 1963ರಲ್ಲಿ ಇಂಥ 130 ವಾಚುಗಳನ್ನು ತೇಲುಬುರುಡೆಗಳಿಗೆ ಕಟ್ಟಿ ಪೆಸಿಫಿಕ್ ಸಾಗರದ ಪ್ರವಾಹಕ್ಕೆ ಬಿಟ್ಟಿದ್ದು ಅದರ ಪ್ರಚಾರದ ಸಾಹಸ. ಇದೇ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಆರಂಭವಾಯಿತು. ಜನತಾ, ಪೈಲಟ್, ಸೋನಾ, ಕೋಹಿನೂರ್ ಮುಂತಾದ ಹೆಸರುಗಳು ಮನೆಮಾತಾದವು. ತುಮಕೂರಿನಲ್ಲೂ ಕಾರ್ಖಾನೆ ತಲೆಯೆತ್ತಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಜಾಗ ಇಸ್ರೋ ಪಾಲಾಯಿತು.

ಎಚ್‌ಎಂಟಿ ಮುಚ್ಚಿದರೂ ಅದರ ವಾಚುಗಳು ಮೈಸೂರಿನ ಮನೆಗಳಲ್ಲಿ ಇನ್ನೂ ಉಳಿದಿವೆ. ನಿವೃತ್ತಿಯ ದಿನ ಕೊಟ್ಟದ್ದು, ಮದುವೆಯಲ್ಲಿ ಅಳಿಯನಿಗೆ ಕಟ್ಟಿದ್ದು, ಅಜ್ಜ ಬಿಟ್ಟುಹೋದದ್ದು. ಇವುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಡಯಲಿನ ಮೇಲೆ ಕಾಣುವ ‘ಪ್ಯಾರಾಶಾಕ್’ ಎಂಬ ಬರಹವನ್ನು ನೀರಿನ ರಕ್ಷಣೆಯೆಂದು ತಿಳಿಯುವವರಿದ್ದಾರೆ. ಅದು ಕೆಳಗೆ ಬಿದ್ದಾಗ ಒಳಗಿನ ಸಮತೋಲನ ಚಕ್ರದ ಸೂಕ್ಷ್ಮ ಮೊನೆಗಳು ಮುರಿಯದಂತೆ ಕಾಪಾಡುವ ಏರ್ಪಾಡು ಮಾತ್ರ. ಕೀಲಿ ಕೊಡುವ ವಾಚಿನಲ್ಲಿ ದಿನಕ್ಕೊಮ್ಮೆ ಕ್ರೌನ್ ತಿರುಗಿಸಲೇಬೇಕು. ಹಾಗೆ ತಿರುಗಿದಾಗಲೆಲ್ಲ ಅದರ ಕೊರಳಿನ ಉಂಗುರ ಸವೆಯುತ್ತದೆ. ಮೂವತ್ತು ನಾಲ್ವತ್ತು ವರ್ಷದ ಆ ರಬ್ಬರ್ ಈಗ ಒಂದೋ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಇಲ್ಲವೇ ಜಿಗುಟಾಗಿ ಕರಗಿರುತ್ತದೆ. ಹಿಂಬದಿ ಏನೇ ಬರೆದಿದ್ದರೂ ಹಳೆಯ ಎಚ್‌ಎಂಟಿಯನ್ನು ಕೈತೊಳೆಯುವಾಗಲೂ ಬಿಚ್ಚಿಡುವುದು ಕ್ಷೇಮ. ಬಿಡಿಭಾಗ ಸಿಗುವುದು ವರ್ಷ ಕಳೆದಂತೆ ಕಷ್ಟವಾಗುತ್ತಿದೆ. ತುಕ್ಕು ಹಿಡಿದ ಯಂತ್ರವನ್ನು ಮತ್ತೆ ನಡೆಸುವುದು ಎಲ್ಲ ರಿಪೇರಿಯವರಿಂದ ಆಗುವ ಕೆಲಸವಲ್ಲ.

ಗಡಿಯಾಚೆಯ ಹೊಸೂರಿನಲ್ಲಿ ಟೈಟಾನ್ ಮಾಡಿದ ಸಾಹಸವನ್ನೂ ಇಲ್ಲಿ ನೆನೆಯಬೇಕು. 2002ರಲ್ಲಿ ಬಂದ ‘ಎಡ್ಜ್’ ವಾಚಿನ ದಪ್ಪ ಕೇವಲ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್. ಅಷ್ಟು ತೆಳುವಿನಲ್ಲೂ 30 ಮೀಟರ್‌ನ ಅಂಕಿಯನ್ನು ಸಾಧಿಸಲಾಯಿತು. ಮುಚ್ಚಳ, ಗಾಜು, ಉಂಗುರ ಎಲ್ಲಕ್ಕೂ ಜಾಗವೇ ಇಲ್ಲದಿದ್ದಾಗ ನೀರನ್ನು ಹೊರಗಿಡುವುದು ಎಷ್ಟು ಕಠಿಣವೆಂಬುದನ್ನು ತಿಳಿದವರಿಗೆ ಆ ಅಂಕಿ ಸಣ್ಣದೆನಿಸದು.

ಉಂಗುರವೇ ಸರ್ವಸ್ವ

ವಾಚಿಗೆ ನೀರು ನುಗ್ಗಲು ಇರುವ ಬಾಗಿಲುಗಳು ಮೂರೇ: ಗಾಜಿನ ಅಂಚು, ಹಿಂಬದಿಯ ಮುಚ್ಚಳ ಹಾಗೂ ಕ್ರೌನ್ ಕೊಳವೆ. ಸ್ಟಾಪ್‌ವಾಚ್ ಗುಂಡಿಗಳಿದ್ದರೆ ಅವೂ ಸೇರುತ್ತವೆ. ಇವೆಲ್ಲವನ್ನೂ ಕಾಯುವುದು ಗ್ಯಾಸ್ಕೆಟ್ ಎಂಬ ಕೂದಲೆಳೆಗಿಂತ ತುಸು ದಪ್ಪನೆಯ ರಬ್ಬರ್ ಉಂಗುರ. ನೈಟ್ರೈಲ್ ರಬ್ಬರ್, ಸಿಲಿಕೋನ್ ಮುಂತಾದವುಗಳಿಂದ ಅದನ್ನು ಮಾಡುತ್ತಾರೆ. ಲೋಹಗಳ ನಡುವೆ ಒತ್ತಿ ಕೂತಾಗ ಅದು ಮರಳಿ ಉಬ್ಬಲು ಹವಣಿಸುತ್ತದೆ. ಆ ಹವಣಿಕೆಯೇ ನೀರಿಗೆ ತಡೆ. ವರ್ಷಗಳು ಕಳೆದಂತೆ ರಬ್ಬರ್ ಒತ್ತಿದಲ್ಲೇ ಚಪ್ಪಟೆಯಾಗಿ ಉಳಿದುಬಿಡುತ್ತದೆ, ಬಿರುಕು ಬಿಡುತ್ತದೆ. ಕೆಆರ್‌ಎಸ್ ರಸ್ತೆಯ ಟೈರ್ ಕಾರ್ಖಾನೆಯಲ್ಲಿ ದುಡಿದವರಿಗೆ ರಬ್ಬರಿನ ಈ ಸ್ವಭಾವ ಹೊಸದೇನಲ್ಲ.

ಬಿಸಿ, ಸೋಪು, ಸುಗಂಧದ್ರವ್ಯ, ಸನ್‌ಸ್ಕ್ರೀನ್, ಕೊಬ್ಬರಿ ಎಣ್ಣೆ ಇವೆಲ್ಲ ಉಂಗುರದ ವೈರಿಗಳು. ಸೋಪು ನೀರಿನ ಮೇಲ್ಮೈ ಬಿಗಿತವನ್ನು ತಗ್ಗಿಸುವುದರಿಂದ, ಬರೀ ನೀರು ತೂರಲಾಗದ ಸಂದಿನಲ್ಲೂ ಸೋಪುನೀರು ನುಸುಳುತ್ತದೆ. ಬಿಸಿನೀರಿನ ಸ್ನಾನದ ಆವಿ ಇನ್ನೂ ಕಿಲಾಡಿ. ಹೀಗಾಗಿ 100 ಮೀಟರ್ ವಾಚನ್ನು ಕಟ್ಟಿಕೊಂಡು ಈಜಬಹುದಾದರೂ ಗೀಸರಿನ ಸ್ನಾನಕ್ಕೆ ಅದನ್ನು ಬಿಚ್ಚಿಡಿ ಎಂದು ತಯಾರಕರು ಹೇಳುವುದರಲ್ಲಿ ಅರ್ಥವಿದೆ. ಸರ್ವಿಸ್ ಸ್ಟೇಷನ್‌ಗಳಲ್ಲಿ ವಾಹನ ತೊಳೆಯುವ ನೀರಿನ ಪಿಚಕಾರಿಯನ್ನು ಕೈಯಲ್ಲಿ ಹಿಡಿದವರ ವಾಚಿನ ಗತಿ ಹೇಳಬೇಕಿಲ್ಲ. ಅಂಥ ಪಂಪುಗಳ ಒತ್ತಡ ಹತ್ತಾರು ಬಾರ್ ದಾಟುತ್ತದೆ.

ಬಹಳಷ್ಟು ವಾಚುಗಳು ಹಾಳಾಗುವುದು ನೀರಿನಲ್ಲಿ ಅಲ್ಲ, ಬ್ಯಾಟರಿ ಬದಲಿಸುವ ಮೇಜಿನ ಮೇಲೆ. ರಸ್ತೆಬದಿಯಲ್ಲಿ ಐದು ನಿಮಿಷದಲ್ಲಿ ಸೆಲ್ ಹಾಕಿಸಿಕೊಂಡಾಗ ಮುಚ್ಚಳ ತೆಗೆದವರು ಹಳೆಯ ಉಂಗುರವನ್ನೇ ಮರಳಿ ಕೂರಿಸುತ್ತಾರೆ. ಅದು ತಿರುಚಿಕೊಂಡರೆ ಅಥವಾ ಅದರಡಿ ಒಂದು ನೂಲೆಳೆ ಸಿಕ್ಕಿಬಿದ್ದರೆ 50 ಮೀಟರ್‌ನ ವಾಚು ಆ ಕ್ಷಣದಿಂದಲೇ ಸೊನ್ನೆ ಮೀಟರ್. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಸೆಲ್ ಬದಲಿಸುವಾಗ ಉಂಗುರವನ್ನೂ ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿ, ಒತ್ತಡ ಪರೀಕ್ಷೆ ಮಾಡಿಕೊಡುವಿರಾ ಎಂದು ಮೊದಲೇ ಕೇಳುವುದು ಗ್ರಾಹಕನ ಹಕ್ಕು. ಅಧಿಕೃತ ಸೇವಾ ಕೇಂದ್ರಗಳಲ್ಲಿ ಈ ಸೌಲಭ್ಯವಿರುತ್ತದೆ. ಒಣ ಪರೀಕ್ಷೆಯಲ್ಲಿ ವಾಚನ್ನು ಗಾಳಿಯ ಒತ್ತಡಕ್ಕೆ ಒಡ್ಡಿ ಅದರ ಕವಚ ಎಷ್ಟು ಕುಗ್ಗುತ್ತದೆ, ಕುಗ್ಗಿದ್ದು ಹಾಗೇ ನಿಲ್ಲುತ್ತದೆಯೇ ಎಂದು ಯಂತ್ರ ಅಳೆಯುತ್ತದೆ. ಇನ್ನೊಂದು ವಿಧಾನದಲ್ಲಿ ನೀರಿನ ಮೇಲೆ ತೂಗುಬಿಟ್ಟ ವಾಚಿಗೆ ಗಾಳಿ ಒತ್ತಿ, ನಂತರ ನೀರಿಗಿಳಿಸಿ ಒತ್ತಡ ತಗ್ಗಿಸುತ್ತಾರೆ. ಸೋರುವ ಕಡೆಯಿಂದ ಗುಳ್ಳೆ ಏಳುತ್ತದೆ, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆ. ಎರಡು-ಮೂರು ವರ್ಷಕ್ಕೊಮ್ಮೆ ಉಂಗುರ ಬದಲಿಸುವುದು, ಈಜುವವರಾದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಸಾಮಾನ್ಯ ಶಿಫಾರಸು.

ಸ್ಮಾರ್ಟ್‌ವಾಚಿನ ಬೇರೆ ಭಾಷೆ

ಹೊಸ ತಲೆಮಾರಿನ ಸ್ಮಾರ್ಟ್‌ವಾಚುಗಳ ಡಬ್ಬಿಯ ಮೇಲೆ ‘ಐಪಿ67’, ‘ಐಪಿ68’ ಎಂಬ ಬರಹವಿರುತ್ತದೆ. ಇದು ವಾಚಿನ ಮಾನಕವಲ್ಲ, ವಿದ್ಯುತ್ ಉಪಕರಣಗಳ ಮಾನಕ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನೀರಿನ 7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. 8 ಎಂದರೆ ಅದಕ್ಕಿಂತ ಕಠಿಣ. ಎಷ್ಟು ಕಠಿಣ ಎಂಬುದನ್ನು ತಯಾರಕರೇ ನಿರ್ಧರಿಸಿ ಹೇಳಬೇಕು. ಆದ್ದರಿಂದ ಎರಡು ಕಂಪೆನಿಗಳ ‘ಐಪಿ68’ ಒಂದೇ ಆಗಿರಬೇಕಿಲ್ಲ. ಅಲ್ಲದೆ 7 ಅಥವಾ 8 ದಾಟಿದ ಉಪಕರಣ, ಜೋರಾಗಿ ಚಿಮ್ಮುವ ನೀರಿಗೆ ಸಂಬಂಧಿಸಿದ 5 ಮತ್ತು 6ನೇ ಪರೀಕ್ಷೆಗಳನ್ನು ದಾಟಿದೆ ಎಂದರ್ಥವಲ್ಲ. ಮುಳುಗಿಸಿದರೆ ಬದುಕುವ ವಾಚು ನಲ್ಲಿಯ ಧಾರೆಗೆ ಸೋಲಬಹುದು.

ಈಜಿಗೆಂದು ಸ್ಮಾರ್ಟ್‌ವಾಚ್ ಕೊಳ್ಳುವವರು ಐಪಿಯನ್ನು ಬಿಟ್ಟು ‘5 ಎಟಿಎಂ’ ಅಥವಾ ‘50 ಮೀಟರ್’ ಎಂಬುದನ್ನು ಹುಡುಕಬೇಕು. ಆ್ಯಪಲ್ ಕಂಪೆನಿಯ 2015ರ ಮೊದಲ ವಾಚು ಸಿಡಿತಕ್ಕಷ್ಟೇ ಸಿದ್ಧವಾಗಿತ್ತು; 2016ರ ಎರಡನೇ ಸರಣಿಯಿಂದ 50 ಮೀಟರ್‌ನ ಅಂಕಿ ಬಂತು. ಒಂದು ಕೊರತೆಯೆಂದರೆ, ಅಂಟಿನಿಂದ ಮುಚ್ಚಿದ ಇಂಥ ಬಹುತೇಕ ವಾಚುಗಳನ್ನು ಸಾಮಾನ್ಯ ರಿಪೇರಿಯವರು ತೆರೆದು ಉಂಗುರ ಬದಲಿಸಲಾಗದು. ಗಾಜು ಒಮ್ಮೆ ಬಿರುಕು ಬಿಟ್ಟಿತೆಂದರೆ ಅಲ್ಲಿಗೆ ನೀರಿನ ಸಹವಾಸ ಮುಗಿಯಿತು.

ನೀರು ಹೊಕ್ಕರೆ ಏನು ಮಾಡಬೇಕು?

ಗಾಜಿನೊಳಗೆ ಮಂಜು ಕಂಡರೆ, ಅದು ತಾನಾಗಿ ಮಾಯವಾದರೂ ನೆಮ್ಮದಿಪಡುವಂತಿಲ್ಲ. ತೇವ ಹೋಗಿರುವುದಿಲ್ಲ, ಡಯಲಿನ ಹಿಂದೆ ಅಡಗಿರುತ್ತದೆ. ಚಳಿಗಾಲದ ಬೆಳಗ್ಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಿಸಿಲಿಗಿಡುವುದು, ಅಕ್ಕಿಯ ಡಬ್ಬದಲ್ಲಿ ಹೂಳುವುದು, ಕೂದಲು ಒಣಗಿಸುವ ಯಂತ್ರ ಹಿಡಿಯುವುದು ಇವು ಯಾವುವೂ ಮುಚ್ಚಿದ ಕವಚದೊಳಗಿನ ನೀರನ್ನು ಹೊರತರುವುದಿಲ್ಲ. ಬಿಸಿ ತಾಗಿದರೆ ಎಣ್ಣೆ ಹರಡಿ ಯಂತ್ರಕ್ಕೆ ಇನ್ನಷ್ಟು ಕೇಡು. ಅದೇ ದಿನ ರಿಪೇರಿಯವರಲ್ಲಿ ಮುಚ್ಚಳ ತೆಗೆಸಿ, ಸೆಲ್ ಹೊರತೆಗೆಸಿ, ಒಣಗಿಸಬೇಕು. ಉಪ್ಪುನೀರಾದರೆ ಒಂದು ದಿನ ತಡವಾದರೂ ಉಕ್ಕಿನ ಹಲ್ಲುಚಕ್ರಗಳಿಗೆ ತುಕ್ಕು ಹತ್ತುತ್ತದೆ. ನೀರಿನೊಳಗೆ ಕ್ರೌನ್ ಎಳೆಯುವುದಾಗಲೀ ಗುಂಡಿ ಒತ್ತುವುದಾಗಲೀ ಕೂಡದು. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ವಾಚನ್ನು ತೊಳೆಯಬೇಕು, ಆದರೆ ಕ್ರೌನ್ ಒತ್ತಿ ಕೂತಿದೆ ಎಂಬುದನ್ನು ನೋಡಿಕೊಂಡೇ.

ವಾರಂಟಿಯ ವಿಷಯಕ್ಕೆ ಬಂದರೆ, ನಮೂದಿಸಿದ ಅಂಕಿಗೆ ಕೈಪಿಡಿ ಅನುಮತಿಸಿದ ಬಳಕೆಯಲ್ಲೇ ಹೊಸ ವಾಚು ಸೋರಿದರೆ ಅದು ಸರಕಿನ ದೋಷ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ನೀಡಲು ಅವಕಾಶವಿದೆ. ವಾಚು ಕೊಂಡದ್ದು ಬೆಂಗಳೂರಿನಲ್ಲೇ ಆಗಲಿ, ಅಂತರ್ಜಾಲದ ಮಳಿಗೆಯಲ್ಲೇ ಆಗಲಿ, ದೂರುದಾರ ವಾಸವಿರುವ ಜಿಲ್ಲೆಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲೇ ಮೊಕದ್ದಮೆ ಹೂಡಬಹುದು. ಹಿನಕಲ್ ನಿವಾಸಿಗೆ ಅದು ಮೈಸೂರಿನ ಆಯೋಗ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ತೊಂದರೆ ಎದುರಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ರಾಜಿಗೆ ಯತ್ನಿಸಬಹುದು. ಇದಕ್ಕೆಲ್ಲ ಬೇಕಾದದ್ದು ಖರೀದಿಯ ಬಿಲ್ಲು, ಅಂಗಡಿಯ ಮೊಹರು ಬಿದ್ದ ವಾರಂಟಿ ಚೀಟಿ ಹಾಗೂ ಬಳಕೆಯ ಕೋಷ್ಟಕವಿರುವ ಆ ಪುಟ್ಟ ಕೈಪಿಡಿ. ಹೊರಗಿನವರ ಕೈಯಲ್ಲಿ ಮುಚ್ಚಳ ತೆಗೆಸಿದ್ದರೆ ಮಾತ್ರ ಕಂಪೆನಿಯ ವಾದಕ್ಕೆ ಬಲ ಬರುತ್ತದೆ. ವಾರಂಟಿ ಅವಧಿಯೊಳಗೆ ಸೆಲ್ ಬದಲಾವಣೆಯನ್ನೂ ಅಧಿಕೃತ ಕೇಂದ್ರದಲ್ಲೇ ಮಾಡಿಸಿ, ರಸೀದಿಯಲ್ಲಿ ‘ಒತ್ತಡ ಪರೀಕ್ಷೆ ಮಾಡಲಾಗಿದೆ’ ಎಂದು ಬರೆಸಿಕೊಳ್ಳಬೇಕು.